ಗಂಜಿ ಕುಡಿದ ಮೋಟಾರು

ಬೇಸಿಗೆಯಲ್ಲಿ ಒಬ್ಬೊಬ್ಬರು ಕಾಯುವ ರೀತಿಯಲ್ಲೇ ಅವರವರ ಕ್ಯಾರೆಕ್ಟರ್ ಗೊತ್ತಾಗಿಬಿಡುತ್ತದೆ ಎಂಬುದು ನನ್ನ ಬಹುದಿನದ ನಂಬಿಕೆ. ದೋಸೆ ಹಂಚಿನ ಹಾಗೆ ಚುರ್ರೆಂದು ಕಾದು ಅಷ್ಟೇ ಬೇಗ ಆರಿಹೋಗುವವರಿದ್ದಾರೆ. ನನ್ನ ಅಜ್ಜಿ ಆ ಜಾತಿ. ಬಚ್ಚಲ ಹಂಡೆಯ ಹಾಗೆ ನಿಧಾನವಾಗಿ ಕಾದು, ಕಾದ ಮೇಲೆ ಸಾಯಂಕಾಲದವರೆಗೂ ಆರದವರಿದ್ದಾರೆ. ನಾನು ಆ ಜಾತಿ, ಬೇಕಾದರೆ ನನ್ನ ಸೊಸೆಯನ್ನು ಕೇಳಿ. ನನ್ನ ಅಪ್ಪ ಮಾತ್ರ ಕೆಳಗೆ ಎಷ್ಟು ಸೌದೆ ಒಟ್ಟಿದರೂ ಕಾಯದ ಮನುಷ್ಯ. ಅಂಥವರಿಗೆ ದೇವರು ಬೆಳಿಗ್ಗೆ ಎಂಟು ಗಂಟೆಗೇ ಕುದಿಯುವ ಮೋಟಾರೊಂದನ್ನು ಗಂಟುಹಾಕಿದ್ದ. ಸೇಲಂನ ಬಿಸಿಲಲ್ಲಿ ಅದರ ಎಂಜಿನ್ನನ್ನು ತಣ್ಣಗಿಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹದಿನಾರನೆಯ ವಯಸ್ಸಿನಲ್ಲಿ ಬೇರೆ ಹುಡುಗಿಯರು ಮಡಿಲಲ್ಲಿ ಮಲ್ಲಿಗೆ ಹೂ ಇಟ್ಟುಕೊಂಡು ಕೂತರೆ ನಾನು ನೀರಿನ ಬಿಂದಿಗೆ ಇಟ್ಟುಕೊಂಡು ಕೂತವಳು. ಆ ಕೆಲಸದಲ್ಲಿ ನಾನೊಂದು ತಪ್ಪು ಮಾಡಿದೆ. ಆ ತಪ್ಪಿಗೆ ನಮ್ಮ ಬಳಗದವರೆಲ್ಲ ವರ್ಷಗಟ್ಟಲೆ ನಕ್ಕರು. ನಕ್ಕವರೆಲ್ಲ ಈಗ ಹೋಗಿಯಾಯಿತು, ಆದ್ದರಿಂದ ನಿಜ ಹೇಳುವುದರಲ್ಲಿ ಯಾವ ರಿಸ್ಕೂ ಇಲ್ಲ.

ಮೋಟಾರಿನ ಕಂಪನಿಯ ಹೆಸರು ಹೇಳುವುದಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಏರ್ಕಾಡು ಗುಡ್ಡದ ಕಾಫಿ ತೋಟದ ದೊರೆಯೊಬ್ಬ ಸೀಮೆಗೆ ಹೊರಡುವಾಗ ಅದನ್ನು ಅಪ್ಪನ ತಲೆಗೆ ಕಟ್ಟಿ ಹೋದ. ಗುಡ್ಡದ ತಂಪಿನಲ್ಲಿ ಸಾಕಿದ ಪ್ರಾಣಿ, ಸೇಲಂಗೆ ಇಳಿದ ದಿನವೇ ಅದಕ್ಕೆ ಜ್ವರ. ಕಪ್ಪು ಮೈ, ಹಿತ್ತಾಳೆಯ ಮೂತಿ, ಮೂತಿಯ ನೆತ್ತಿಯ ಮೇಲೊಂದು ಮುಚ್ಚಳ. ಆ ಮೂತಿಗೆ ರೇಡಿಯೇಟರ್ ಎಂದು ಹೆಸರು. ಅದರಲ್ಲಿರುವ ನೀರು ಎಂಜಿನ್ನಿನ ಶಾಖವನ್ನು ಹೀರಿಕೊಂಡು, ಎದುರಿನಿಂದ ಬೀಸುವ ಗಾಳಿಗೆ ತಣಿದು, ಮತ್ತೆ ಎಂಜಿನ್ನಿನೊಳಗೆ ಹೋಗಬೇಕು. ಇದು ಪುಸ್ತಕದ ಮಾತು. ಗಾಳಿ ಬೀಸಬೇಕಾದರೆ ಮೋಟಾರು ಓಡಬೇಕು. ಸೇಲಂನ ಶೆವ್ವಾಪೇಟೆಯ ಸಂದಣಿಯಲ್ಲಿ ಮೋಟಾರು ಓಡಬೇಕಾದರೆ ಮುಂದಿನ ಎತ್ತು ಓಡಬೇಕು. ಎತ್ತು ಓಡಬೇಕಾದರೆ ಗಾಡಿಯವನು ಎಚ್ಚರವಾಗಿರಬೇಕು. ಇದು ಪುಸ್ತಕದಲ್ಲಿ ಇರಲಿಲ್ಲ. ಉಪ್ಪಿನ ಗಾಡಿ, ಬೆಲ್ಲದ ಗಾಡಿ, ಮಾವಿನ ಗಾಡಿಗಳ ಹಿಂದೆ ನಾವು ಹೆಣದ ಮೆರವಣಿಗೆಯ ಹಾಗೆ ಸಾಗುತ್ತಿದ್ದೆವು. ಮೂತಿಯಿಂದ ಮೊದಲು ಗೊಣಗಾಟ, ಆಮೇಲೆ ಶಿಳ್ಳೆ, ಆಮೇಲೆ ಹಬೆ. ಇದು ಸಾಲದೆಂದು ರೇಡಿಯೇಟರಿನ ತಳದಲ್ಲಿ ಎಲ್ಲೋ ಒಂದು ಸಣ್ಣ ಸೋರಿಕೆ. ಯಾವ ಬೆಸುಗೆಗೂ ಅದು ಬಗ್ಗಲಿಲ್ಲ. ನಮ್ಮ ಮೋಟಾರು ಎಲ್ಲಿ ನಿಂತಿತ್ತು, ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ನೆಲದ ಒದ್ದೆ ನೋಡಿ ಯಾರು ಬೇಕಾದರೂ ಹೇಳಬಹುದಿತ್ತು.

ದೊರೆ ಮೋಟಾರಿನ ಜೊತೆ ಒಂದು ಮ್ಯಾನ್ಯುಯಲ್ ಕೊಟ್ಟಿದ್ದ. ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ. ಮನೆಯಲ್ಲಿ ಆಡುವುದು ಕನ್ನಡ, ಬೀದಿಗಿಳಿದರೆ ತಮಿಳು, ಗುಡ್ಡದ ಮೇಲಿನ ಕಾನ್ವೆಂಟಿಗೆ ಹತ್ತಿದರೆ ಇಂಗ್ಲಿಷ್. (ಕನ್ನಡದ ಅಕ್ಷರ ನನಗೆ ಬಂದದ್ದು ಮದುವೆಯಾದ ಮೇಲೆ, ಯಜಮಾನರು ಬೆಂಗಳೂರಿನಿಂದ ತರುತ್ತಿದ್ದ ಪತ್ರಿಕೆಗಳಿಂದ, ಕಾಗುಣಿತ ತಪ್ಪಿದರೆ ಅವರನ್ನು ಬೈಯಿರಿ.) ರಜಕ್ಕೆ ಮನೆಗೆ ಬಂದಾಗಲೆಲ್ಲ ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪುಸ್ತಕ ಓದಿಸಿ ಅರ್ಥ ಕೇಳುತ್ತಿದ್ದರು. ಬರೆದವನು ಯಾವ ಚಳಿದೇಶದವನೋ, ಹಿಮ ಬಿದ್ದಾಗ ಎಂಜಿನ್ನಿನ ನೀರು ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವುದು ಹೇಗೆಂದು ಏಳು ಪುಟ ಬರೆದಿದ್ದ. ಸೆಕೆಯ ಬಗ್ಗೆ ನಾಲ್ಕೇ ಸಾಲು. ಎಂಜಿನ್ ಅತಿಯಾಗಿ ಕಾದರೆ ನೆರಳಿನಲ್ಲಿ ನಿಲ್ಲಿಸಿ, ತಾನಾಗಿ ತಣಿಯುವವರೆಗೆ ತಾಳ್ಮೆಯಿಂದಿರಿ ಎಂದು. "ನಿಂತ್ರೆ ಮತ್ತೆ ಅತ್ತಿಸೋರ್ಯಾರು? ಪುಸ್ತಕ ಬರ್ದೋನ್ ಬಂದು ಆಂಡ್ಲು ಸುತ್ತ್‌ತಾನಾ?" ಎಂದರು ಅಪ್ಪ. ಅದೂ ನಿಜವೇ. ಕಾದ ಎಂಜಿನ್ ಒಮ್ಮೆ ನಿಂತರೆ ಆ ಹ್ಯಾಂಡಲ್ಲಿಗೆ ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ಐಮದ್ ಪಾಠಾನೇ ಇನ್ನೊಂದ್ ಸಾರಿ ಓದವ್ವ, ಕೇಳಿದ್ರಾದ್ರೂ ತಂಪಾಗ್ತದೆ" ಎಂದರು. ಮೇ ತಿಂಗಳ ಮಧ್ಯಾಹ್ನ, ಅಂಗಳದಲ್ಲಿ ನಿಂತ ಮೋಟಾರಿನ ಪಕ್ಕದಲ್ಲಿ ಕೂತು ನಾನು ಹಿಮದ ಏಳು ಪುಟ ಗಟ್ಟಿಯಾಗಿ ಓದಿದೆ. ಲೇಡಿಯಾದವಳು ಬೆವರುವುದಿಲ್ಲ ಎಂದು ಸಿಸ್ಟರ್ ಬೆನೆಡಿಕ್ಟಾ ಹೇಳುತ್ತಿದ್ದರು. ಅವರನ್ನು ಒಂದು ದಿನ ಆ ಅಂಗಳದಲ್ಲಿ ಕೂರಿಸಬೇಕಿತ್ತು.

ಪುಸ್ತಕ ಕೈಬಿಟ್ಟ ಮೇಲೆ ಮನೆಮದ್ದು ಶುರುವಾಯಿತು. ಅಪ್ಪನದು ನೂಲಿಗೆ ಬಣ್ಣ ಹಾಕುವ ಕಸುಬು, ಮಗ್ಗಗಳೂ ಇದ್ದವು. ಬಣ್ಣದವರಿಗೆ ನೀರೇ ದೇವರು. ಯಾವ ಬಾವಿಯ ನೀರು ಕೆಂಪಿಗೆ ಹೊಂದುತ್ತದೆ, ಯಾವುದು ನೀಲಿಯನ್ನು ಕೆಡಿಸುತ್ತದೆ ಎಂದು ನಾಲಿಗೆಗೆ ಒಂದು ಹನಿ ತಾಕಿಸಿ ಹೇಳುವವರು. ಹೀಗಾಗಿ ಅವರ ಲೆಕ್ಕದಲ್ಲಿ ಸೇಲಂನಿಂದ ಧರ್ಮಪುರಿಗೆ ಇಷ್ಟು ಮೈಲಿ ಎಂಬುದು ಇರಲೇ ಇಲ್ಲ, ಹನ್ನೊಂದು ಬಾವಿ ಎಂದಿತ್ತು. ಅದರಲ್ಲಿ ನಾಲ್ಕು ಉಪ್ಪು, ಅವು ಮೋಟಾರಿಗೆ ಆಗದು. ಅಜ್ಜಿಯ ಡಯಾಗ್ನೋಸಿಸ್ ಇನ್ನೂ ಸರಳ: ಮೋಟಾರಿಗೆ ಉಷ್ಣವಾಗಿದೆ. ಬಾನೆಟ್ಟಿನ ನಡುನೆತ್ತಿಗೆ ಹರಳೆಣ್ಣೆ ತಟ್ಟಿದಳು. ಒದ್ದೆ ಗೋಣಿಚೀಲ ಹೊದಿಸಿದಳು. ನಿಂಬೆಹಣ್ಣು ಮೆಣಸಿನಕಾಯಿಯ ಸರ ಕಟ್ಟಿದಳು. "ಎರಡು ಎಳ್ನೀರ್ ಉಯ್ದ್ರೆ ಉಸ್ಣ ಇಳ್ದೋಗ್ತದೆ. ದೊಡ್ಡೋರ್ ಮಾತ್ ಯಾರ್ ಕೇಳ್ತಾರೆ ಈ ಮನೇಲಿ" ಎಂದು ಪ್ರತಿ ಪ್ರಯಾಣಕ್ಕೂ ಎರಡು ಎಳನೀರು ತಂದು ಸೀಟಿನ ಕೆಳಗೆ ಇಡುತ್ತಿದ್ದಳು. ಕೊನೆಗೆ ಅದನ್ನು ಕುಡಿಯುತ್ತಿದ್ದವಳು ಅವಳೇ. ಉಷ್ಣ ಅವಳದ್ದೂ ಇಳಿಯುತ್ತಿರಲಿಲ್ಲ.

ಈಗ ಆ ತಪ್ಪು ನಡೆದ ಬುಧವಾರಕ್ಕೆ ಬರೋಣ. ನನಗೆ ಸ್ಕೂಲ್ ಫೈನಲ್ ಮುಗಿಸಲು ಇನ್ನೊಂದೇ ವರ್ಷ ಬಾಕಿ. ಜೂನಿನಲ್ಲಿ ಗುಡ್ಡ ಹತ್ತಬೇಕು; ಟ್ರಂಕಿಗೆ ಹೊಸ ಬೀಗ ಕೂಡ ತಂದಿಟ್ಟಿದ್ದೆ. ಅಷ್ಟರಲ್ಲಿ ಧರ್ಮಪುರಿಯಿಂದ ಒಂದು ಸಂಬಂಧ ಬಂತು. ಅವರೂ ಮಗ್ಗದವರೇ, ಒಳ್ಳೆಯ ಮನೆ. ಹೆಣ್ಣನ್ನು ಗಂಡಿನ ಮನೆಗೆ ಕರೆದುಕೊಂಡು ಹೋಗಿ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಆ ಮನೆಯ ಮುದುಕಿ, ಹುಡುಗನ ಅಜ್ಜಿ, ಹಾಸಿಗೆ ಹಿಡಿದಿದ್ದಳಂತೆ. ಕಣ್ಣು ಮುಚ್ಚುವ ಮೊದಲು ಮೊಮ್ಮಗನ ಹೆಂಡತಿಯಾಗುವವಳನ್ನು ನೋಡಬೇಕಂತೆ. ಅವರ ಜೋಯಿಸರು ಒಂದು ಗೆರೆ ಬೇರೆ ಎಳೆದಿದ್ದರು. ಬುಧವಾರ ಹನ್ನೆರಡಕ್ಕೆ ರಾಹುಕಾಲ ಹಿಡಿಯುವ ಮೊದಲು ಹುಡುಗಿ ಹೊಸಿಲು ದಾಟಿದರೆ ಈ ವೈಕಾಸಿಯಲ್ಲೇ, ಎಂದರೆ ಜೂನ್ ನಡುವಿನೊಳಗೇ, ಮದುವೆ. ದಾಟದಿದ್ದರೆ ಹುಡುಗನಿಗೆ ಮುಂದಿನ ಒಂದು ವರ್ಷ ಯೋಗವಿಲ್ಲ. ನಮ್ಮ ಅಜ್ಜಿಗೆ ಹೊರಡಲು ಇನ್ನೊಂದು ಕಾರಣವೂ ಇತ್ತು, ಮೋಟಾರನ್ನು ಬೀಗರ ಬೀದಿಯಲ್ಲಿ ನಿಲ್ಲಿಸಿ ನಾಲ್ಕು ಜನ ನೋಡುವಂತೆ ಇಳಿಯುವುದು. ಹೀಗೆ ಹನ್ನೆರಡರೊಳಗೆ ಮೋಟಾರು ಮುಟ್ಟಿದರೆ ನನ್ನ ಟ್ರಂಕು ಅಟ್ಟಕ್ಕೆ. ಮುಟ್ಟದಿದ್ದರೆ ಗುಡ್ಡಕ್ಕೆ. ಮುಟ್ಟಿಸುವುದಕ್ಕೆ ನೀರು ಹೊಯ್ಯುವವಳು ನಾನೇ. ನೇಣಿಗೆ ಹೋಗುವವನ ಕೈಯಲ್ಲೇ ಹಗ್ಗಕ್ಕೆ ಎಣ್ಣೆ ಸವರಿಸುವುದು ಎಂದರೆ ಇದೇ ಅಲ್ಲವೇ? ಅಪ್ಪನಲ್ಲಿ ಕೇಳಿಕೊಂಡಿದ್ದೆ, "ಒಂದೊರ್ಸ ಅಪ್ಪಾ, ಪ್ಲೀಸ್" ಎಂದು. ಅವರು ನನ್ನ ಕಡೆ ನೋಡದೆ, "ಅಜ್ಜಿ ಮಾತ್ ಕೊಟ್ಬುಟ್ಟವ್ಳೆ ಕಣವ್ವ" ಎಂದು ಮೋಟಾರು ಒರೆಸಲು ಹೋದರು.

ಬೆಳಿಗ್ಗೆ ಆರೂವರೆಗೆ ಹೊರಟೆವು. ಅಪ್ಪ ಜರಿ ಅಂಚಿನ ಅಂಗವಸ್ತ್ರ ಹೊದ್ದು ಸ್ಟಿಯರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ಬಿಂದಿಗೆಯೊಂದಿಗೆ ನಾನು. ಹಿಂದಿನ ಸೀಟಿನಲ್ಲಿ ಅಜ್ಜಿ, ತಾಂಬೂಲದ ತಟ್ಟೆ, ಎಳನೀರು. ಅಮ್ಮ ಬರಲಿಲ್ಲ, ಮನೆಯಲ್ಲಿ ದೀಪ ಹಚ್ಚಿಟ್ಟು ಕೂತಿದ್ದಳು. ಓಮಲೂರು ಸೇರುವುದರೊಳಗೆ ಎರಡು ಬಾವಿ ಮುಗಿದವು. ಮೋಸ ಮಾಡಲಿಲ್ಲ, ದೇವರಾಣೆ. ಹೇಳಿದ ಕಡೆ ಇಳಿದೆ, ಸೇದಿದೆ, ತಂದೆ, ಹೊಯ್ದೆ. ನೀರು ಹೊಯ್ಯುವಾಗ ಒಂದೊಂದು ಬಿಂದಿಗೆಗೂ ನನ್ನ ಒಂದೊಂದು ಪಾಠಪುಸ್ತಕ ಮುಳುಗಿಹೋದ ಹಾಗೆ ಕಾಣುತ್ತಿತ್ತು, ಜ್ಯಾಮೆಟ್ರಿ ಮುಳುಗಿದಾಗ ಮಾತ್ರ ಅಷ್ಟು ಬೇಸರವಾಗಲಿಲ್ಲ. ಓಮಲೂರಿನಲ್ಲಿ ಅಂದು ಸಂತೆ. ಪೇಟೆಯ ರಸ್ತೆ ತುಂಬ ಗಾಡಿ, ಕುರಿ, ಮಡಕೆ, ಹುಣಸೆಹಣ್ಣು, ಜನ. ಮೋಟಾರಿನ ಹಾರ್ನಿಗೆ ಒಂದು ಕುರಿ ಮಾತ್ರ ತಿರುಗಿ ನೋಡಿತು. ಮೂತಿಯಲ್ಲಿ ಶಿಳ್ಳೆ ಶುರುವಾದ ಕೂಡಲೇ ಅಪ್ಪ, "ನಮ್ ಜನದ್ ಬೀದಿ ಐತೆ, ಇಂಗೆ ಸುತ್ಕೊಂಡ್ ಓಗಿ ಅತ್ಲಾಗ್ ಬಿದ್‌ಬುಡಾಣ" ಎಂದು ನೇಕಾರರ ಬೀದಿಗೆ ತಿರುಗಿಸಿದರು. ಮೋಟಾರಿನವರಿಗೆ ಗೊತ್ತಿರುವ ದಾರಿ ಒಳ್ಳೆಯದೇ ಇರಬೇಕು ಎಂದು ಆರು ಮಾವಿನ ಗಾಡಿಗಳು ನಮ್ಮ ಹಿಂದೆಯೇ ನುಗ್ಗಿದವು.

ಬೀದಿಯ ನಡುವೆ ಪಾವು ಹಾಸಿತ್ತು. ನೇಯ್ಗೆ ಗೊತ್ತಿಲ್ಲದವರಿಗೆ ಹೇಳಬೇಕು: ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನೆಲ್ಲ ಬೀದಿಯುದ್ದಕ್ಕೂ ಸೊಂಟದೆತ್ತರಕ್ಕೆ ಎಳೆದು ಕಟ್ಟಿ, ಅಕ್ಕಿ ಗಂಜಿಯ ತಿಳಿ ಹಚ್ಚಿ, ಕುಂಚದಿಂದ ಬಾಚಿ ಬಾಚಿ ಬಿಸಿಲಿಗೆ ಒಣಗಿಸುತ್ತಾರೆ. ಅದಕ್ಕೆ ನಮ್ಮವರು ಪಾವು ಎನ್ನುತ್ತಾರೆ. ಗಂಜಿ ಹಚ್ಚಿದ ಪಾವನ್ನು ಒಣಗುವ ಮೊದಲು ಸಡಿಲಿಸಿದರೆ ಸಾವಿರಾರು ಎಳೆಗಳು ಒಂದಕ್ಕೊಂದು ಅಂಟಿ, ಒಂದು ಮನೆಯ ಒಂದು ತಿಂಗಳ ಕೆಲಸ ಹಗ್ಗವಾಗಿಬಿಡುತ್ತದೆ. ಕಲೆಕ್ಟರ್ ದೊರೆ ಬಂದರೂ ನೇಕಾರರ ಬೀದಿಯಲ್ಲಿ ಹಸಿ ಪಾವು ಬಿಚ್ಚುವುದಿಲ್ಲ. ಬಿಚ್ಚಿ ಎಂದು ಇನ್ನೊಬ್ಬ ನೇಕಾರ ಬಾಯಿಬಿಟ್ಟು ಕೇಳುವುದೂ ಇಲ್ಲ. ಕುಂಚ ಹಿಡಿದ ಯಜಮಾನ ಓಡಿಬಂದು, "ಅಣ್ಣಾ, ಇದೇ ಈಗ ಗಂಜಿ ಅಚ್ಚಿದ್ದು. ಒಂದ್ ಗಳಿಗೆ ಇರ್ತೀರಾ?" ಎಂದ. ಅಪ್ಪ ಕೈಮುಗಿದು, "ಒಣಗ್ಲಿ ಅಣ್ಣಾ, ಅವಸರ ಇಲ್ಲ. ನಮ್ದೂ ಅದೇ ಕಸುಬು" ಎಂದರು. ಹಿಂದಿನಿಂದ ಅಜ್ಜಿ ಎದ್ದು ನಿಂತಳು. "ಅವಸರ ಇಲ್ವಾ? ಅನ್ನೆರಡಕ್ಕೆ ರಾವುಕಾಲ ಕಣ್ಲಾ! ಇಲ್ಲಿ ಒಣಗ್ತಾ ಇರೋದು ಪಾವಲ್ಲ, ನಿನ್ ಮಗಳ್ ಮದ್ವೆ!"

ಮುಂದೆ ಪಾವು, ಹಿಂದೆ ಆರು ಗಾಡಿ. ಎಂಜಿನ್ ನಿಲ್ಲಿಸುವಂತಿಲ್ಲ, ಮೋಟಾರು ಓಡುವಂತಿಲ್ಲ. ಮೂತಿ ಶಿಳ್ಳೆ ಬಿಟ್ಟು ಊಳಿಡತೊಡಗಿತು. ಅಪ್ಪ ಅಂಗವಸ್ತ್ರವನ್ನು ಕೈಗೆ ಸುತ್ತಿಕೊಂಡು ಮುಚ್ಚಳ ತಿರುಗಿಸಿದರು. ಹಬೆ ತಾಳೆಮರದೆತ್ತರಕ್ಕೆ ಎದ್ದಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ನಮ್ಮ ದೇಶದಲ್ಲಿ ಒಂದು ಮೋಟಾರು ಕೆಟ್ಟು ನಿಂತರೆ ಮೆಕ್ಯಾನಿಕ್ ಒಬ್ಬನನ್ನು ಬಿಟ್ಟು ಉಳಿದೆಲ್ಲರೂ ಸಿಗುತ್ತಾರೆ. ಮಜ್ಜಿಗೆ ಹೊಯ್ಯಿ ಎಂದ ಒಬ್ಬ. ಬೇವಿನ ಸೊಪ್ಪು ಹೊದಿಸಿ ಎಂದಳು ಒಬ್ಬಳು. ಹಿಂದಿನ ಮಾವಿನ ಗಾಡಿಯವನು ನೊಗದ ಮೇಲೆ ಕೂತೇ, "ಎನ್ನಂಗ, ಉಳ್ಳೆ ಇಡ್ಲಿ ವೇಗುದಾ?" ಎಂದು ಕೂಗಿದ; ಒಳಗೆ ಇಡ್ಲಿ ಬೇಯುತ್ತಿದೆಯೇ ಎಂದು ಕೇಳಿದ್ದಕ್ಕೆ ಇಡೀ ಬೀದಿ ನಕ್ಕಿತು. "ಬೆಂದ್ರೆ ನಿನ್ ಬಾಯಿಗೇ ಇಡ್ತೀನಿ, ಇರು!" ಎಂದು ಅಜ್ಜಿ ಎಳನೀರು ಎತ್ತಿ ತೋರಿಸಿದಳು. ಅಪ್ಪ ಇದ್ಯಾವುದನ್ನೂ ಕೇಳಿಸಿಕೊಳ್ಳದೆ ನನ್ನ ಕಡೆ ತಿರುಗಿ, "ರಾಜೀ, ಓಡವ್ವ. ನೀರು" ಎಂದರು.

ಎದುರು ಮನೆಗೆ ಓಡಿದೆ. ಆ ಮನೆಯಾಕೆಯ ಎರಡು ಕೈಯೂ ಪಾವಿನ ಮೇಲೆ. "ಜಗ್ಲಿ ಮೇಲ್ ಐತೆ, ಮೊಗ್ಕೊಳವ್ವ" ಎಂದಳು. ಜಗಲಿಯ ಮೇಲೆ ಎರಡು ಮಡಕೆಗಳಿದ್ದವು. ಎರಡರಲ್ಲೂ ಮೇಲುಮಟ್ಟಕ್ಕೆ ಕಾಣುವುದು ನೀರೇ. ಮೊದಲನೆಯದರಲ್ಲಿ ಬೆರಳದ್ದಿ ಹೆಬ್ಬೆರಳಿಗೆ ಉಜ್ಜಿದೆ, ಜಾರಿತು. ಗಂಜಿಯ ತಿಳಿ. ಎರಡನೆಯದರಲ್ಲಿ ಅದ್ದಿ ಉಜ್ಜಿದೆ, ಜಾರಲಿಲ್ಲ. ನೀರು. ಇಲ್ಲಿಗೆ ನನ್ನ ಪರೀಕ್ಷೆ ಮುಗಿಯಬೇಕಿತ್ತು. ಆದರೆ ಕಣ್ಣ ಮುಂದೆ ಬಂದದ್ದು ಹೊಸ ಬೀಗದ ಟ್ರಂಕು, ಗುಡ್ಡದ ತಿರುವಿನಲ್ಲಿ ಕಾಣುವ ಕಾನ್ವೆಂಟಿನ ಗಂಟೆಗೋಪುರ, ಕಿಟಕಿಯ ಪಕ್ಕದ ನನ್ನ ಡೆಸ್ಕು. ಆ ಮನೆಯ ಗೋಡೆ ಗಡಿಯಾರದಲ್ಲಿ ಎಂಟೂಮುಕ್ಕಾಲು. ಪಾವು ಒಂಬತ್ತೂವರೆಗೆ ಒಣಗುತ್ತದೆ, ಮೋಟಾರಿಗೆ ಒಳ್ಳೆಯ ನೀರು ಬಿದ್ದರೆ ಹನ್ನೊಂದೂವರೆಗೆ ಧರ್ಮಪುರಿ. ಕಾನ್ವೆಂಟಿನಲ್ಲಿ ಇಷ್ಟು ವೇಗವಾಗಿ ನಾನು ಯಾವ ಲೆಕ್ಕವನ್ನೂ ಮಾಡಿರಲಿಲ್ಲ. ಬಿಂದಿಗೆಯನ್ನು ಮೊದಲನೆಯ ಮಡಕೆಯಲ್ಲಿ ಮುಳುಗಿಸಿದೆ. ಒಂದು ಹನಿಯೂ ಚೆಲ್ಲಲಿಲ್ಲ. ಅದೇ ನನಗೆ ಇವತ್ತಿಗೂ ಆಶ್ಚರ್ಯ.

ಬಿಂದಿಗೆಯನ್ನು ಅಪ್ಪ ನನ್ನ ಕೈಯಿಂದ ಇಸಿದುಕೊಂಡು, ನಿಧಾನವಾಗಿ, ಮಗುವಿಗೆ ಔಷಧಿ ಕುಡಿಸುವ ಹಾಗೆ ಹೊಯ್ದರು. ಮೋಟಾರು ಸುಮ್ಮನಾಯಿತು. "ನೋಡಿದ್ಯಾ, ಒಳ್ಳೇ ನೀರು" ಎಂದರು ಅಪ್ಪ. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಐದು ನಿಮಿಷ ಏನೂ ಆಗಲಿಲ್ಲ. ಆರನೆಯ ನಿಮಿಷಕ್ಕೆ ಮುಚ್ಚಳದ ಸುತ್ತ ಬಿಳಿ ನೊರೆ ಕಾಣಿಸಿಕೊಂಡಿತು. ಬಳಿಕ ಮುಚ್ಚಳವೇ ಎದ್ದಿತು. ಹಾಲುಕ್ಕಿದ ಹಾಗೆ ಗಂಜಿ ಬುಸಬುಸನೆ ಉಕ್ಕಿ, ಹಿತ್ತಾಳೆಯ ಮೂತಿಯ ಮೇಲೆ ಇಳಿದು, ಅಜ್ಜಿಯ ನಿಂಬೆಹಣ್ಣಿನ ಸರವನ್ನು ಮುಳುಗಿಸಿ ನೆಲಕ್ಕೆ ಸುರಿಯಿತು. ಸೀದ ಅನ್ನದ ವಾಸನೆ ಬೀದಿ ತುಂಬಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಕುಂಚದ ಯಜಮಾನ ಹತ್ತಿರ ಬಂದು, ನೊರೆಯನ್ನು ಬೆರಳಲ್ಲಿ ತೆಗೆದು ನೋಡಿ, ಬಹಳ ಮರ್ಯಾದೆಯಿಂದ ಕೇಳಿದ: "ಅಣ್ಣಾ, ನೀವು ಸೇಲಂನಾಗೆ ಮೋಟಾರ್ ವಂಡಿಗೂ ಪಾವು ಆಕ್ತೀರಾ?"

ಆಮೇಲಿನ ನಗು ಸಂತೆಯವರೆಗೂ ಕೇಳಿಸಿರಬೇಕು. ಸಂತೆ ಬಿಟ್ಟು ಜನ ಬಂದರು. ಅಜ್ಜಿ ಹಣೆ ಚಚ್ಚಿಕೊಂಡಳು. "ಮಗ್ಗದ್ ಮನೇಲ್ ಉಟ್ಟಿ, ಗಂಜಿಗೂ ನೀರಿಗೂ ಯೆತ್ಯಾಸ ತಿಳೀದಲ್ಲೇ ನಿಂಗೆ! ಇಂಗ್ಲೀಸ್ ಓದ್ಸಿ ಅಂತ ಕುಣ್ದೆಯಲ್ಲೋ ಮಗನೇ, ನೋಡು, ಇದೇ ನಿನ್ ಇಂಗ್ಲೀಸು!" ನಾನು ಅಳತೊಡಗಿದೆ. ಕಾನ್ವೆಂಟಿನ ಡ್ರಾಮಾಗಳಲ್ಲಿ ನನಗೆ ಯಾವಾಗಲೂ ಕೊಡುತ್ತಿದ್ದದ್ದು ಮರದ ಪಾರ್ಟು, ಅಲ್ಲಾಡದೆ ನಿಲ್ಲುವುದಷ್ಟೇ. ಅಂದು ಮೊದಲ ಬಾರಿಗೆ ಹೀರೋಯಿನ್ ಆಗಿದ್ದೆ. ಆದರೆ ಅಪ್ಪ ತಮ್ಮ ಜರಿ ಅಂಗವಸ್ತ್ರದಿಂದ ಮೋಟಾರಿನ ಮೂತಿ ಒರೆಸುವುದನ್ನು ನೋಡಿದ ಮೇಲೆ ಅಳು ನಿಜವಾಯಿತು. ಅದನ್ನು ನಿಲ್ಲಿಸುವುದು ಹೇಗೆಂದು ಗೊತ್ತಾಗಲಿಲ್ಲ. ಅಜ್ಜಿ ಕೊನೆಗೆ ತಾನೇ ಗಾಬರಿಯಾಗಿ ಎಳನೀರು ಕೆತ್ತಿಸಿ ನನಗೆ ಕುಡಿಸಿದಳು.

ಇಡ್ಲಿ ಕೇಳಿದ ಗಾಡಿಯವನೇ ತನ್ನ ಎತ್ತುಗಳನ್ನು ಬಿಚ್ಚಿ ತಂದು ಮೋಟಾರಿಗೆ ಕಟ್ಟಿದ. ಅಜ್ಜಿ ಮೋಟಾರಿನಲ್ಲಿ ಕೂರಲು ಒಪ್ಪದೆ ಸೇಲಂಗೆ ಹೊರಟಿದ್ದ ಇನ್ನೊಂದು ಗಾಡಿಯ ಮಾವಿನ ರಾಶಿಯ ಮೇಲೆ ಕೂತು ಬಂದಳು. ಸ್ಟಿಯರಿಂಗ್ ಹಿಡಿದು ಎತ್ತಿನ ಬಾಲ ನೋಡುತ್ತ ಅಪ್ಪ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು. "ನೋಡು, ಎತ್ತಿಗೆ ರೇಡಿಯೇಟ್ರೇ ಇಲ್ಲ." ಸೇಲಂ ಮುಟ್ಟುವಾಗ ರಾಹುಕಾಲ ಬಂದು ಹೋಗಿತ್ತು.

ನಾನು ಗೆದ್ದೆ ಎಂದುಕೊಂಡೆ. ಆದರೆ ನನ್ನ ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿತ್ತು. ಧರ್ಮಪುರಿಯವರು ಮುಂದಿನ ವರ್ಷ ನೋಡೋಣ, ಅಷ್ಟರಲ್ಲಿ ಹುಡುಗಿಗೆ ಗಂಜಿ ಯಾವುದು ನೀರು ಯಾವುದು ಕಲಿಸಿಡಿ ಎಂದು ಹೇಳಿಕಳಿಸಿದರು. ಕೂಡಲೇ ಅಜ್ಜಿ ಪಟ್ಟು ಹಿಡಿದಳು. ಕಾನ್ವೆಂಟು ಸಾಕು, ಈ ವರ್ಷ ಮನೆಯಲ್ಲೇ ಕೂತು ಪಾವು ಕೆಲಸ ಕಲಿಯಲಿ ಎಂದು. ಹೊಯ್ದ ಗಂಜಿ ನನ್ನ ಮೇಲೇ ಉಕ್ಕಿತ್ತು. ಮೂರು ದಿನ ನಾನು ಊಟ ಮಾಡಲಿಲ್ಲ. ನಾಲ್ಕನೆಯ ದಿನ ಅಪ್ಪ, ಬಿಚ್ಚಿಟ್ಟ ರೇಡಿಯೇಟರಿನ ಮುಂದೆ ಕೂತು ಬಿಸಿನೀರು ಹೊಯ್ದು ತೊಳೆಯುತ್ತಿದ್ದವರು, ತಲೆಯೆತ್ತದೆ ಹೇಳಿದರು: "ಅವ್ವಾ, ಇವ್ಳನ್ನ ಗುಡ್ಡಕ್ ಕಳ್ಸ್‌ಬುಡಾಣ. ಇಲ್ಲೇ ಇದ್ರೆ ಈ ವಂಡಿಗೆ ಇನ್ನೇನ್ ಉಯ್ತಾಳೋ. ಸಾಂಬಾರೇ ಉಯ್ದ್ರೂ ಉಯ್ದಾಳೇ." ಅಜ್ಜಿ ಯೋಚಿಸಿದಳು. ಬೀಗರ ಬೀದಿಯಲ್ಲಿ ಮೋಟಾರಿನಿಂದ ಇಳಿಯುವ ಆಸೆ ಅವಳಿಗೆ ಇನ್ನೂ ತೀರಿರಲಿಲ್ಲ. ನಾನು ಜೂನಿನಲ್ಲಿ ಗುಡ್ಡ ಹತ್ತಿದೆ, ಬಸ್ಸಿನಲ್ಲಿ. ಪಾಪ ಅಪ್ಪ, ಎಷ್ಟು ಸುಲಭವಾಗಿ ಮೋಸಹೋದರು ಎಂದು ದಾರಿಯುದ್ದಕ್ಕೂ ಮರುಕಪಟ್ಟೆ.

ಮರುವರ್ಷ ಸ್ಕೂಲ್ ಫೈನಲ್ ಮುಗಿಸಿ ಇಳಿದೆ. ಧರ್ಮಪುರಿಯ ಮುದುಕಿ ಇನ್ನೂ ಕಣ್ಣು ಮುಚ್ಚಿರಲಿಲ್ಲ. ಮುಂದೆ ನನ್ನ ಮದುವೆಯಲ್ಲಿ ಮೂರು ಹೋಳಿಗೆ ತಿಂದಳು. ಮತ್ತೆ ಮೇ ತಿಂಗಳು, ಮತ್ತೆ ಬುಧವಾರ, ಮತ್ತೆ ಮಡಿಲಲ್ಲಿ ಬಿಂದಿಗೆ. ಓಮಲೂರು ಬಂತು, ಶಿಳ್ಳೆಯಿಲ್ಲ. ಕಡಯಂಪಟ್ಟಿಯ ಕವಲು ದಾಟಿತು, ಹಬೆಯಿಲ್ಲ. ತೊಪ್ಪೂರಿನ ಕಣಿವೆಯಲ್ಲಿ ಮರಳು ತುಂಬಿದ ಗಾಡಿಗಳ ಹಿಂದೆ ಆಮೆಯ ಹಾಗೆ ಏರಿದೆವು. ಮೋಟಾರು ದೇವಸ್ಥಾನದ ಬಸವನ ಹಾಗೆ ಶಾಂತವಾಗಿ ಹತ್ತಿತು. ಏರು ಮುಗಿದಲ್ಲಿ ಅಪ್ಪ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಅಜ್ಜಿ ನಿದ್ದೆ ಹೋಗಿದ್ದಳು. ನಾವಿಬ್ಬರೂ ಇಳಿದು ಮುಚ್ಚಳ ತೆಗೆದು ನೋಡಿದೆವು. ತುಂಬಿದ ನೀರು ತುಂಬಿದ ಹಾಗೇ ಇತ್ತು. ನೆಲದ ಮೇಲೆ ಒಂದು ಹನಿ ಒದ್ದೆಯಿಲ್ಲ.

"ಸೋರೋದು ಎಲ್ಲೋಯ್ತಪ್ಪ?" ಎಂದೆ.

"ಗಂಜಿ ಕೂತು ಮುಚ್ಕೊಂಡೈತೆ. ಎಷ್ಟ್ ತೊಳುದ್ರೂ ಆ ತೂತಲ್ ಮಾತ್ರ ಅಂಗೇ ನಿಂತೈತೆ" ಎಂದರು ಅಪ್ಪ. ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಕಣಿವೆಯ ಕಡೆ ನೋಡುತ್ತ ಹೇಳಿದರು: "ನೀನ್ ಒಳ್ಳೇ ಗಂಜೀನೇ ಆರ್ಸಿದ್ದೆ ಬುಡವ್ವ."

ನನ್ನ ಮೈ ತಣ್ಣಗಾಯಿತು. ಮ್ಯಾನ್ಯುಯಲ್ಲಿನ ಏಳು ಪುಟದ ಹಿಮವೂ ಅಷ್ಟು ತಣ್ಣಗಿರಲಿಲ್ಲ. "ನಾನು... ನನಗೆ ತಿಳೀದೆ..." ಎಂದು ತೊದಲಿದೆ.

"ಗಂಜಿ ತಿಳೀದೋಳು ಎರಡ್ ಬೆಳ್ಳಲ್ಲಿ ಉಜ್ಜಿ ನೋಡ್ತಾಳಾ?" ಎಂದರು. "ನಾನ್ ಅವತ್ತು ವಂಡಿ ಅತ್ರದಿಂದ್ಲೇ ನೋಡ್ತಾ ಇದ್ದೆ. ಎರಡ್ ಮಡ್ಕೇನೂ ಉಜ್ಜಿ ನೋಡ್ದೆ. ನಮ್ಮವ್ವ ನೋಡೋದೂ ಅಂಗೇ. ಒಳ್ಳೇ ನೀರೇ ಆರ್ಸ್‌ತಾಳೆ ಅನ್ಕೊಂಡೆ. ನೊರೆ ಉಕ್ದಾಗ ಗೊತ್ತಾಯ್ತು." ಅಜ್ಜಿ ಮಲಗಿದ್ದ ಸೀಟಿನ ಕಡೆ ಒಮ್ಮೆ ನೋಡಿ, "ನಂಗೆ ಅವ್ವಂಗೆ ಇಲ್ಲಾ ಅನ್ನೋ ದೈರ್ಯ ಇರ್ಲಿಲ್ಲ. ನಿಂಗ್ ಇತ್ತು" ಎಂದರು. ಆಮೇಲೆ ಹ್ಯಾಂಡಲ್ ಹಾಕಿ ಸುತ್ತಿದರು. ಒಂದೇ ಸುತ್ತಿಗೆ ಎಂಜಿನ್ ಹತ್ತಿಕೊಂಡಿತು, ದ್ರೋಹಿ. ಹನ್ನೊಂದಕ್ಕೆಲ್ಲ ಧರ್ಮಪುರಿ, ರಾಹುಕಾಲಕ್ಕೆ ಇನ್ನೂ ಒಂದು ಗಂಟೆ ಬಾಕಿ. ಒಂದು ವರ್ಷಕ್ಕೆಂದು ನಾನು ಕೆಡಿಸಿದ ಮೋಟಾರು ಶಾಶ್ವತವಾಗಿ ರಿಪೇರಿಯಾಗಿ ನನ್ನನ್ನು ಗಂಡನ ಮನೆಯ ಬಾಗಿಲಿಗೇ ತಂದು ಇಳಿಸಿತು. ಅಜ್ಜಿ ನಾಲ್ಕಲ್ಲ, ನಲವತ್ತು ಜನ ನೋಡುವಂತೆ ಇಳಿದಳು.

ಗಂಜಿ ಗೊತ್ತಿಲ್ಲದವಳು ಎಂಬ ಬಿರುದು ನನಗಿಂತ ಮುಂಚೆಯೇ ಆ ಮನೆ ಸೇರಿತ್ತು. ಬೆಳಗಿನ ಜಾವಕ್ಕೆ ಎದ್ದು ಪಾವಿಗೆ ಗಂಜಿ ಕಾಸುವ ಸರದಿ ಬಂದಾಗಲೆಲ್ಲ ಅತ್ತೆ, "ಅವ್ಳ್ ಕೈಗ್ ಮಾತ್ರ ಕೊಡ್‌ಬ್ಯಾಡಿ, ಕೆಡಿಸ್‌ಬುಡ್ತಾಳೆ" ಎಂದು ನನ್ನನ್ನು ಮಲಗಲು ಬಿಡುತ್ತಿದ್ದರು. ಹೀಗೆ ಮೂವತ್ತು ವರ್ಷ ಸೂರ್ಯೋದಯದವರೆಗೆ ನಿದ್ದೆ ಮಾಡಿದ ಏಕೈಕ ಸೊಸೆ ನಾನು. ಅದನ್ನೂ ನಾನು ತಿದ್ದಲಿಲ್ಲ. ಈಗ ಅದರ ಲೆಕ್ಕ ತೀರುವ ಕಾಲ ಬಂದಿದೆ. ಈ ಬೇಸಿಗೆಯಲ್ಲಿ ನನಗೇ ಎಂಜಿನ್ ಕಾದು ತಲೆಸುತ್ತು ಬಂತು. ಡಾಕ್ಟರು ದಿನಾ ಎರಡು ಲೋಟ ಗಂಜಿಯ ತಿಳಿ ಕುಡಿಯಲು ಹೇಳಿದ್ದಾರೆ. ಸೊಸೆಗೆ ನೂರು ಕೆಲಸ. ಒಂದೊಂದು ದಿನ ಬರೀ ನೀರಿಗೆ ಉಪ್ಪು ಹಾಕಿ ಇದೇ ಗಂಜಿ ಎಂದು ತಂದಿಟ್ಟು ಹೋಗುತ್ತಾಳೋ ಎಂದು ನನ್ನ ಗುಮಾನಿ. ಆದ್ದರಿಂದ ಕುಡಿಯುವ ಮುಂಚೆ ಬೆರಳದ್ದಿ ಉಜ್ಜಿ ನೋಡುತ್ತೇನೆ. ಉಜ್ಜುವ ಮೊದಲು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡುವುದನ್ನು ಮಾತ್ರ ಈಗ ಕಲಿತಿದ್ದೇನೆ.